ಏಳನೇ ನಂಬರಿನ ಬೀಗ

ಹೆದ್ದಾರಿಯಲ್ಲಿ ಲಾರಿ ಬಡಿದ ಕಾಡುಹಂದಿಯೊಂದು ಅಲ್ಲೇ ಸಾಯದೆ, ಹಿಂಗಾಲು ಎಳೆದುಕೊಂಡು ಅರಣ್ಯ ಇಲಾಖೆಯ ನೆಡುತೋಪಿನೊಳಗೆ ನುಗ್ಗಿದೆ ಎಂದು ಬೆಳಿಗ್ಗೆ ಆರು ಗಂಟೆಗೆ ಸುದ್ದಿ ಬಂತು. ಏಳೂವರೆಗೆ ಜೀಪು ತೋಪಿನ ಅಂಚಿನಲ್ಲಿತ್ತು. ಎಂಟಕ್ಕೆ ಇನ್ನೂ ಹತ್ತು ನಿಮಿಷ ಇದೆ ಎನ್ನುವಾಗ ಹಂದಿ ಪೊದೆಯಿಂದ ಹೊರಬಿತ್ತು, ಗುರಿಕಾರ ಒಂಟಿಗುಂಡು ಟ್ರಿಗರ್ ಎಳೆದ, ಬಂದೂಕು ಸುಮ್ಮನಿತ್ತು.

ಒಂಟಿಗುಂಡು ಇಲಾಖೆಯ ಹಿರಿಯ ಗುರಿಕಾರ. ಇಪ್ಪತ್ತೆರಡು ವರ್ಷದ ಸರ್ವಿಸಿನಲ್ಲಿ ಅವನು ಒಂದು ಪ್ರಾಣಿಗೆ ಎರಡನೇ ಗುಂಡು ಹಾರಿಸಿದ್ದನ್ನು ಕಂಡವರಿಲ್ಲ, ಹಾಗಾಗಿ ಆ ಹೆಸರು. ಅವನ ಹೆಂಡತಿಯ ಬಾಯಲ್ಲೂ ಸಿಟ್ಟು ಬಂದಾಗ ಅದೇ ಹೆಸರು ಬರುತ್ತಿತ್ತು. ಎಳೆ ಗಿಡದ ತೊಗಟೆ ಸುಲಿಯುವ ಜಿಂಕೆ, ಬೇರು ಅಗೆಯುವ ಹಂದಿ, ರಸ್ತೆಯಲ್ಲಿ ಪೆಟ್ಟು ತಿಂದು ನರಳುತ್ತ ಬಿದ್ದ ಜೀವ, ಇವುಗಳಿಗೆ ಆದೇಶ ಬಂದಾಗ ಗುಂಡಿಡುವುದು ಅವನ ಕೆಲಸ. ಅದನ್ನು ಅವನು ಹೆಮ್ಮೆಯಿಂದಲೇ ಮಾಡುತ್ತಿದ್ದ, ಆದರೆ ಎಂದೂ ಖುಷಿಯಿಂದ ಮಾಡಿದವನಲ್ಲ.

ಆ ದಿನ ಅವನ ಜೊತೆ ಇಬ್ಬರಿದ್ದರು. ಒಬ್ಬ ಅವನ ಷಡ್ಡಕ, ಹೆಂಡತಿಯ ತಂಗಿಯ ಗಂಡ, ಅವನಿಗಿಂತ ಒಂಬತ್ತು ವರ್ಷ ಚಿಕ್ಕವನು, ಅದೇ ಇಲಾಖೆಯಲ್ಲಿ ಅದೇ ಕೆಲಸ. ಇನ್ನೊಬ್ಬಳು ಸೀಟಿ. ಗಾಯಗೊಂಡ ಪ್ರಾಣಿಯ ಜಾಡನ್ನು ನಾಯಿಯ ಜೊತೆ ಹುಡುಕುವ ಐವತ್ತರ ಹೆಂಗಸು. ಎರಡು ಬೆರಳು ಬಾಯಿಗಿಟ್ಟು ಊದಿದಳೆಂದರೆ ಅರ್ಧ ಮೈಲಿ ಆಚೆಗಿರುವ ನಾಯಿಯೂ ಕಿವಿ ನಿಮಿರಿಸುತ್ತಿತ್ತು. ಸೀಟಿ ನಾಯಿಯೊಂದಿಗೆ ಪೊದೆಗೆ ಇಳಿದಳು. ಬಂದೂಕಿನವರಿಬ್ಬರೂ ಎಡಬಲದಲ್ಲಿ ನಿಂತರು. ಹಂದಿ ಒಂಟಿಗುಂಡಿನ ಕಡೆಯೇ ಬಂತು, ಹದಿನೈದು ಹೆಜ್ಜೆ ದೂರದಲ್ಲಿ. ಅವನು ಬೋಲ್ಟ್ ಎಳೆದು ತಳ್ಳಿದ, ಗುಂಡು ಒಳಗೆ ಕೂತ ಸದ್ದು ಕೇಳಿದ, ಭುಜಕ್ಕಿಟ್ಟ, ಬೆರಳು ಒತ್ತಿದ. ಕಲ್ಲಿಗೆ ಬೆರಳು ಒತ್ತಿದ ಹಾಗಾಯಿತು. ಇನ್ನೊಮ್ಮೆ ಒತ್ತಿದ. ಅಷ್ಟರಲ್ಲಿ ಹಂದಿ ತಿರುಗಿ ಸೀಟಿಯ ತೊಡೆಗೆ ಕೋರೆ ಹಾಕಿ ಆಗಿತ್ತು. ಆಚೆ ಕಡೆಯಿಂದ ಷಡ್ಡಕನ ಬಂದೂಕು ಸಿಡಿದು ಹಂದಿ ಅವಳ ಕಾಲ ಮೇಲೆಯೇ ಒರಗಿತು.

ಸೀಟಿ ಬದುಕಿದಳು. ತೊಡೆಯ ಮಾಂಸ ಸೀಳಿ ಮೂಳೆ ಬಿರುಕು ಬಿಟ್ಟಿತ್ತು. ಆಂಬುಲೆನ್ಸಿಗೆ ಏರಿಸುವಾಗಲೂ ಅವಳು ಕೇಳಿದ್ದು ನಾಯಿಯನ್ನೇ.

ಮಧ್ಯಾಹ್ನ ಕಚೇರಿಯಲ್ಲಿ ವಲಯಾಧಿಕಾರಿ ಆ ಬಂದೂಕನ್ನು ಮೇಜಿನ ಮೇಲಿಟ್ಟುಕೊಂಡು, ಬೋಲ್ಟಿನ ಹಿಂತುದಿಗೆ ಕಣ್ಣಿಟ್ಟು ನೋಡಿದರು.

"ಬೀಗ ಹಾಕಿದೆಯಲ್ರೀ ಇದಕ್ಕೆ!"

ಆ ಬೀಗದ ವಿಚಾರ ಇಲ್ಲೇ ಹೇಳಿಬಿಡಬೇಕು. ಹಿಂದಿನ ಬಂದೂಕುಗಳಿಗೆ ಬೀಗವೆಂದರೆ ಹೊರಗಿನಿಂದ ಹಾಕುವ ಸರಪಳಿ. ಎರಡು ವರ್ಷದ ಕೆಳಗೆ ಬಂದ ಹೊಸ ಹತ್ತು ಬಂದೂಕುಗಳಲ್ಲಿ ಬೀಗ ಬೋಲ್ಟಿನೊಳಗೇ ಇತ್ತು. ಬೋಲ್ಟಿನ ಹಿಂದೆ ಗುಂಡಿಯಷ್ಟಗಲದ ತಟ್ಟೆ, ನಡುವೆ ಕೀಲಿಗೆ ಒಂದು ಸೀಳು. ಕಿರುಬೆರಳಿನ ಉಗುರಿನಷ್ಟಿರುವ ಕೀಲಿಯನ್ನು ಕಾಲು ಸುತ್ತು ತಿರುಗಿಸಿದರೆ 'ಕಟ್' ಎಂದು ಬೀಗ ಬೀಳುತ್ತದೆ, ಮತ್ತೆ ಕಾಲು ಸುತ್ತು ಅದೇ ಕಡೆಗೆ ತಿರುಗಿಸಿದರೆ ಅದೇ 'ಕಟ್' ಎಂದು ತೆರೆಯುತ್ತದೆ. ಬೀಗ ಬಿದ್ದಾಗ ಸೀಳಿನ ಗೆರೆ ಬಿಳಿ ಚುಕ್ಕೆಗೆ ನೇರವಾಗಿರುತ್ತದೆ, ತೆರೆದಾಗ ಕೆಂಪು ಚುಕ್ಕೆಗೆ. ಚುಕ್ಕೆಗಳು ಸಾಸಿವೆಗಿಂತ ಚಿಕ್ಕವು. ಬೀಗ ಬಿದ್ದರೂ ಬೋಲ್ಟ್ ಎಂದಿನಂತೆ ಆಡುತ್ತದೆ, ಗುಂಡೂ ಒಳಹೋಗುತ್ತದೆ. ಗುಂಡಿನ ಬೆನ್ನಿಗೆ ಬಡಿಯುವ ಸೂಜಿ, ಅದರ ಜೊತೆ ಟ್ರಿಗರ್, ಇವೆರಡು ಮಾತ್ರ ಅಲುಗುವುದಿಲ್ಲ. ಕಳ್ಳ ಎತ್ತಿಕೊಂಡು ಹೋದರೂ ಕೈಗೆ ಸಿಗುವುದು ಒಂದು ಕಬ್ಬಿಣದ ದೊಣ್ಣೆ, ಅಷ್ಟೇ.

"ನಾನು ತೆಗೆದಿದ್ದೆ ಸಾರ್," ಎಂದ ಒಂಟಿಗುಂಡು. "ಜೀಪಿಂದ ಇಳಿದ ತಕ್ಷಣ ತೆಗೆದೆ. ಕಟ್ ಅಂದದ್ದು ಈ ಕಿವಿಲೇ ಕೇಳಿದ್ದೀನಿ."

"ಹಾಗಾದ್ರೆ ಹಾಕಿದ್ಯಾರು?"

ಆ ಪ್ರಶ್ನೆ ಅವನ ಕಿವಿ ಹೊಕ್ಕ ಇರುವೆಯಂತೆ ಒಳಗೇ ಉಳಿಯಿತು. ಜೀಪಿನಿಂದ ಇಳಿದು, ಬೀಗ ತೆಗೆದು, ಬಂದೂಕನ್ನು ಖಾಲಿಯಾಗಿಯೇ ಜೀಪಿನ ಬಾಗಿಲಿಗೆ ಒರಗಿಸಿ ಅವನು ರಕ್ತದ ಜಾಡು ನೋಡಲು ಐದು ನಿಮಿಷ ಆಚೆ ಹೋಗಿದ್ದ. ಸೀಟಿ ನಾಯಿಗೆ ಪಟ್ಟಿ ಕಟ್ಟುತ್ತಿದ್ದಳು. ಷಡ್ಡಕ ಫ್ಲಾಸ್ಕಿನಿಂದ ಚಹಾ ಬಗ್ಗಿಸುತ್ತ ಅದೇ ಬಾಗಿಲ ಹತ್ತಿರ ನಿಂತಿದ್ದ.

ಇನ್ನೊಂದು ಮಾತೂ ಇತ್ತು. ಮುಖ್ಯ ಗುರಿಕಾರನ ಹುದ್ದೆ ಆ ತಿಂಗಳ ಕೊನೆಗೆ ಖಾಲಿಯಾಗಲಿತ್ತು. ಇಬ್ಬರ ಮಾವನೂ ಒಂದು ಕಾಲಕ್ಕೆ ಅದೇ ಕುರ್ಚಿಯಲ್ಲಿ ಕೂತು ನಿವೃತ್ತನಾದವನು. ಹಿರಿತನದ ಲೆಕ್ಕದಲ್ಲಿ ಅದು ಒಂಟಿಗುಂಡಿಗೇ ಬರಬೇಕು. ಆದರೆ ಷಡ್ಡಕ ವರದಿಗಳನ್ನು ಅಚ್ಚುಕಟ್ಟಾಗಿ ಬರೆಯುತ್ತಾನೆ, ನಕ್ಷೆ ಓದುತ್ತಾನೆ, ಅಧಿಕಾರಿ ಮಾತು ಮುಗಿಸುವ ಮೊದಲೇ ತಲೆದೂಗುತ್ತಾನೆ. ಈಗ ಎಲ್ಲರ ಬಾಯಲ್ಲೂ ಒಂದೇ ಸುದ್ದಿ: ಹಿರಿಯನ ಬಂದೂಕು ಮೂಕಾಯಿತು, ಕಿರಿಯ ಹೆಂಗಸಿನ ಪ್ರಾಣ ಉಳಿಸಿದ.

ಹಾಲಿಗೆ ಹುಳಿ ಬೀಳಲು ಎಷ್ಟು ಹೊತ್ತು ಬೇಕು? ಸಂಜೆಯೊಳಗೆ ಒಂಟಿಗುಂಡಿನ ಮನಸ್ಸು ಒಡೆದಿತ್ತು.

ಮಾರನೆಯ ದಿನ ಕಚೇರಿ ತೆರೆಯುವ ಹೊತ್ತಿಗೆ ಅವನು ಉಗ್ರಾಣದ ಗುಮಾಸ್ತನ ಎದುರು ನಿಂತಿದ್ದ. ಗುಮಾಸ್ತ ಬ್ರೆಡ್ಡು ಅದ್ದಿಕೊಂಡು ಚಹಾ ಕುಡಿಯುತ್ತಿದ್ದ.

"ಕೀಲಿ ಪೆಟ್ಟಿಗೆ ತೆಗಿ."

"ಯಾಕಪ್ಪ?"

"ತೆಗಿ ಅಂದ್ನಲ್ಲ."

ಪ್ರತಿ ಬಂದೂಕಿಗೂ ಎರಡು ಕೀಲಿ. ಒಂದು ಗುರಿಕಾರನ ಜೇಬಿನಲ್ಲಿ, ಇನ್ನೊಂದು ಈ ಪೆಟ್ಟಿಗೆಯ ಮೊಳೆಯಲ್ಲಿ. ಒಂಟಿಗುಂಡಿನದು ಏಳನೇ ನಂಬರು, ಷಡ್ಡಕನದು ಎಂಟು. ಏಳನೇ ಮೊಳೆಯಲ್ಲಿ ಕೀಲಿ ತೂಗುತ್ತಿತ್ತು. ಎಂಟನೆಯದು ಖಾಲಿ.

"ಎಂಟರದ್ದು ಎಲ್ಲಿ?"

"ನಿನ್ನ ಷಡ್ಡಕ ಒಯ್ದ. ಅವನ ಕೀಲಿ ಬಾಗಿದೆಯಂತೆ. ಮೊನ್ನೆ ಸಂಜೆ ಬಂದಿದ್ದ."

"ಮೊನ್ನೆ ಸಂಜೆ! ಹಂದಿ ಬರೋ ಹಿಂದಿನ ದಿನ."

"ಹಂದಿ ಬರುತ್ತೆ ಅಂತ ಅವನಿಗೇನು ಕನಸು ಬಿದ್ದಿತ್ತಾ?" ಎಂದು ಗುಮಾಸ್ತ ನಕ್ಕ. ಒಂಟಿಗುಂಡು ನಗಲಿಲ್ಲ.

ಎಂಟರ ಕೀಲಿಯಿಂದ ಏಳರ ಬೀಗ ತಿರುಗುವುದಿಲ್ಲವಲ್ಲ ಎಂದು ಅವನಿಗೇ ಒಂದು ಸಮಾಧಾನವಿತ್ತು. ನಿಜ ಹೇಳಬೇಕೆಂದರೆ ಆ ಸಮಾಧಾನ ಅವನಿಗೆ ಬೇಕಾಗಿತ್ತು. ಎಷ್ಟೆಂದರೂ ಮನೆಯವನು, ಒಂದೇ ಮನೆಯ ಹೆಣ್ಣು ತಂದವರು, ಕಷ್ಟಕ್ಕೆ ಸುಖಕ್ಕೆ ಒಟ್ಟಿಗೆ ನಿಂತವರು. ಅದನ್ನು ಗಟ್ಟಿ ಮಾಡಿಕೊಳ್ಳಲೆಂದೇ ಅವನು ಅಂಗಳ ದಾಟಿ ಆಯುಧ ರಿಪೇರಿಯ ಕೋಣೆಗೆ ಹೋದ. ಅಲ್ಲಿಯ ಒಡತಿ ಅರದಕ್ಕ. ಕೈಯಲ್ಲಿ ಸದಾ ಕಬ್ಬಿಣ ಉಜ್ಜುವ ಒಂದು ಅರ ಇರುವುದರಿಂದ ಆ ಹೆಸರು. ಮಾತಾಡುವಾಗಲೂ ಎದುರಿನವರನ್ನು ನಯವಾಗಿ ಉಜ್ಜುತ್ತಿದ್ದಳು. ಏಳನೇ ನಂಬರಿನ ಬಂದೂಕು ತನಿಖೆಗೆಂದು ಅವಳ ಮೇಜಿಗೆ ಬಿಗಿದ ಇಕ್ಕಳದಲ್ಲಿ ಸಿಕ್ಕಿಕೊಂಡಿತ್ತು.

"ಅರದಕ್ಕ, ಎಂಟರ ಕೀಲಿ ಏಳಕ್ಕೆ ಆಗುತ್ತಾ?"

ಅವಳು ಕನ್ನಡಕದ ಮೇಲಿಂದ ನೋಡಿದಳು. "ಎಂಟರದ್ದೂ ಆಗುತ್ತೆ, ಮೂರರದ್ದೂ ಆಗುತ್ತೆ. ಹತ್ತಕ್ಕೂ ಒಂದೇ ಕೀಲಿ. ಅಗ್ಗದ ಮಾಲು. ಇವು ಬಂದ ದಿನವೇ ನಾನು ಬರೆದು ಕೊಟ್ಟಿದ್ದೆ, ಯಾರೂ ಓದಲಿಲ್ಲ."

ಅಂದರೆ ಷಡ್ಡಕನಿಗೆ ಪೆಟ್ಟಿಗೆಯೂ ಬೇಕಿರಲಿಲ್ಲ, ಗುಮಾಸ್ತನೂ ಬೇಕಿರಲಿಲ್ಲ. ಎರಡು ವರ್ಷದಿಂದ ಏಳರ ಕೀಲಿ ಅವನ ಜೇಬಿನಲ್ಲೇ ಇತ್ತು.

"ಬೀಗದಲ್ಲಿ ಏನಾದ್ರೂ ದೋಷ ಇದೆಯಾ? ತಾನಾಗೇ ಬೀಳೋದು, ಹಾಗೇನಾದ್ರೂ?"

"ಇನ್ನೂ ಬಿಚ್ಚಿಲ್ಲ. ಬಿಚ್ಚಿ ಹೇಳ್ತೀನಿ. ಅಲ್ಲಿವರೆಗೆ ಯಾರ ಮೇಲೂ ಹೊರಿಸಬೇಡ."

ಅವಳು ಹೀಗೆಂದದ್ದು ಯಾಕೆ ಎಂದು ಅವನಿಗೆ ಅದರ ಮೇಲೂ ಒಂದು ಅನುಮಾನ ಬಂತು. ಇವಳಿಗೂ ಗೊತ್ತಿದೆಯೇ?

ಅಲ್ಲಿಂದ ಮೂರು ದಿನ ಅವನು ಷಡ್ಡಕನನ್ನು ಗಿಡುಗ ನೋಡಿದ ಹಾಗೆ ನೋಡಿದ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಷಡ್ಡಕ ಆಸ್ಪತ್ರೆಗೆ ಹಣ್ಣು ಒಯ್ದ, ಪಾಪಪ್ರಜ್ಞೆ. ಷಡ್ಡಕ ಕಣ್ಣು ತಪ್ಪಿಸಿದ, ಅಪರಾಧಿ. ಷಡ್ಡಕ ನೇರ ಕಣ್ಣಿಟ್ಟು "ಊಟ ಆಯ್ತಾ ಅಣ್ಣ?" ಎಂದ, ಎಂಥ ಗಟ್ಟಿ ಎದೆ ಇವನದು! ಸೀಟಿಯ ನಾಯಿಯನ್ನು ಷಡ್ಡಕ ತನ್ನ ಮನೆಗೇ ಕರೆದೊಯ್ದು ಸಾಕುತ್ತಿದ್ದಾನೆಂದು ಕೇಳಿದಾಗ, ಸಾಕ್ಷಿಯ ಬಾಯಿ ಕಟ್ಟಲು ಸಾಕ್ಷಿಯ ನಾಯಿಗೆ ಅನ್ನ ಹಾಕುವವರನ್ನು ಇವತ್ತೇ ನೋಡಿದ್ದು ಎಂದುಕೊಂಡ.

ಭಾನುವಾರ ಮಧ್ಯಾಹ್ನ ಮಾವನ ಮನೆಯಲ್ಲಿ ಎರಡೂ ಸಂಸಾರ ಊಟಕ್ಕೆ ಸೇರುವುದು ರೂಢಿ. ಷಡ್ಡಕ ಮತ್ತು ನಾದಿನಿ ಇದ್ದದ್ದೂ ಅದೇ ಮನೆಯಲ್ಲೇ. ಉದ್ದ ಮೇಜು, ಒಂದು ತುದಿಗೆ ಮಾವ. ಅನ್ನ ಬಡಿಸುತ್ತ ನಾದಿನಿ ಸುಮ್ಮನೆ ಕೇಳಿದಳು:

"ಭಾವ, ವಿಚಾರಣೆ ಯಾವಾಗಂತೆ?"

"ಬುಧವಾರ. ಯಾಕೆ, ನಿನ್ನ ಗಂಡ ಹೇಳಲಿಲ್ವಾ? ಅವನಿಗೆ ನನಗಿಂತ ಚೆನ್ನಾಗಿ ಗೊತ್ತಿರಬೇಕು."

ಹೆಂಡತಿ ಮೇಜಿನ ಕೆಳಗೆ ಅವನ ಕಾಲು ತುಳಿದಳು. ಅವನು ಕಾಲು ಹಿಂದೆಳೆದುಕೊಂಡ.

"ಏನು ಮಾತು ಅದು?" ಎಂದ ಮಾವ.

"ಇದ್ದ ಮಾತು ಮಾವ. ನಾನು ತೆಗೆದ ಬೀಗ ಐದು ನಿಮಿಷದಲ್ಲಿ ಮತ್ತೆ ಬಿತ್ತು. ಅಲ್ಲಿ ಕೀಲಿ ಇದ್ದದ್ದು ಇಬ್ಬರ ಹತ್ತಿರ. ಒಬ್ಬ ನಾನು. ಇನ್ನೊಬ್ಬ ಯಾರು ಅಂತ ನಾನು ಹೇಳಬೇಕಾ?"

ಷಡ್ಡಕ ತುತ್ತು ಕೈಯಲ್ಲೇ ಹಿಡಿದು ಕೂತ. ಏನೋ ಹೇಳಲು ಬಾಯಿ ತೆರೆದವನು ಹೆಂಡತಿಯ ಕಡೆ ನೋಡಿ ಮುಚ್ಚಿಕೊಂಡ. ನಾದಿನಿ ಸೌಟನ್ನು ಪಾತ್ರೆಯಲ್ಲಿ ಬಿಟ್ಟು ಅಡಿಗೆಮನೆಗೆ ಹೋದಳು. ಒಳಗೆ ನಲ್ಲಿ ಬಿಟ್ಟ ಸದ್ದು ಬಹಳ ಹೊತ್ತು ನಿಲ್ಲಲಿಲ್ಲ.

ಮಾವ ಮಾತ್ರ ಶಾಂತನಾಗಿ, "ಸೀಟಿ ಸತ್ತಿದ್ರೆ ಅದು ಕೊಲೆ ಆಗ್ತಿತ್ತು. ಕೊಲೆ ಮಾಡಿದ್ದೀಯ ಅಂತ ಇವನಿಗೆ ಹೇಳ್ತಾ ಇದ್ದೀಯ ನೀನು. ಗೊತ್ತಿದೆ ತಾನೆ?" ಎಂದ.

"ಗೊತ್ತಿದೆ."

"ಹಾಗಾದ್ರೆ ಕೈ ತೊಳಕೋ. ಈ ಮಾತು ಇತ್ಯರ್ಥ ಆಗೋವರೆಗೆ ಈ ಮೇಜಿಗೆ ಬರಬೇಡ."

ಮನೆ ಬಾಗಿಲಲ್ಲಿ ಚಪ್ಪಲಿ ಬಿಡುತ್ತ ಹೆಂಡತಿ ಹೇಳಿದಳು: "ಒಡೆದ ಮಡಕೆ ಆದ್ರೆ ಎಸೀಬಹುದು. ತಂಗೀನ ಎಲ್ಲಿ ಎಸೀಲಿ ನಾನು?"

ಮಂಗಳವಾರ ಅರದಕ್ಕ ಹೇಳಿಕಳಿಸಿದಳು. ಅವನು ಹೋದಾಗ ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಎಣ್ಣೆ ಮತ್ತು ಲೋಹದ ಪುಡಿಯ ವಾಸನೆ. ಏಳನೇ ನಂಬರು ಇಕ್ಕಳದಿಂದ ಬಿಡುಗಡೆಯಾಗಿ ಬಟ್ಟೆಯ ಮೇಲೆ ಮಲಗಿತ್ತು.

"ಬಿಚ್ಚಿ ನೋಡಿದೆ. ಸ್ಪ್ರಿಂಗು ಸರಿಯಿದೆ, ಹಲ್ಲು ಸರಿಯಿದೆ. ತಾನಾಗಿ ಬೀಳುವ ಬೀಗ ಅಲ್ಲ ಇದು. ನೂರು ಸಲ ಕುಟ್ಟಿ ನೋಡಿದ್ದೀನಿ."

"ನಾನು ಹೇಳಿದ್ನಲ್ಲ! ಯಾರೋ ಕೈಯಾರೆ ಹಾಕಿದ್ದು."

"ಕೈಯಾರೆ ಹಾಕಿದ್ದೇ." ಅವಳು ಬಂದೂಕನ್ನು ಎತ್ತಿ ಅವನ ಕೈಗೆ ಕೊಟ್ಟಳು. "ಇದು ಈಗ ತೆರೆದಿದೆಯೋ ಮುಚ್ಚಿದೆಯೋ ಹೇಳು ನೋಡೋಣ."

"ಕೀಲಿ ಕೊಡು."

"ಕೀಲಿ ಯಾತಕ್ಕೆ? ಚುಕ್ಕೆ ಇದೆಯಲ್ಲ. ನೋಡಿ ಹೇಳು."

ಅವನು ಕಿಟಕಿಯ ಬೆಳಕಿಗೆ ಹೋದ. ಬೋಲ್ಟಿನ ಹಿಂತುದಿಯನ್ನು ಬಲಗಣ್ಣಿನ ಹತ್ತಿರ ತಂದ, ಸ್ವಲ್ಪ ಓರೆ ಮಾಡಿದ, ಮತ್ತೆ ನೇರ ಮಾಡಿದ. ಹೆಬ್ಬೆರಳಲ್ಲಿ ಮುಟ್ಟಿ ನೋಡಿದ.

"ಕೆಂಪು," ಎಂದ. "ತೆರೆದಿದೆ."

ಅರದಕ್ಕ ಎದ್ದು ಬಂದು ಅವನ ಹೆಬ್ಬೆರಳನ್ನು ಹಿಡಿದು ಅವನ ಮುಖದ ಎದುರು ಎತ್ತಿದಳು. ಬೆರಳ ತುದಿಗೆ ಕಪ್ಪು ಹತ್ತಿತ್ತು.

"ಎರಡು ಚುಕ್ಕೆಗೂ ಬೆಳಿಗ್ಗೆನೇ ಮಸಿ ಬಳಿದಿದ್ದೆ. ಕೆಂಪೂ ಇಲ್ಲ, ಬಿಳಿಯೂ ಇಲ್ಲ. ನಿನಗೆ ಯಾವ ಕೆಂಪು ಕಾಣಿಸ್ತು?"

ಹೊರಗೆ ಯಾರೋ ಜೀಪು ಶುರು ಮಾಡಿ ನಿಲ್ಲಿಸಿದರು. ಅವನು ಬಂದೂಕನ್ನು ಬಟ್ಟೆಯ ಮೇಲೆ ಇಟ್ಟ.

"ನನ್ನ ಪರೀಕ್ಷೆ ಮಾಡ್ತೀಯಾ ಅರದಕ್ಕ?"

"ನೀನು ಊರಿಗೆಲ್ಲ ಮಾಡ್ತಿದ್ದೀಯಲ್ಲ, ನಿನಗೂ ಒಂದು ಇರಲಿ ಅಂತ. ಚಳಿಗಾಲದಲ್ಲಿ ನೀನು ಬಂದೂಕಿನ ದುರ್ಬೀನಿನ ಗಾಜಲ್ಲಿ ಕೊಳೆ ಇದೆ ಅಂತ ನನ್ನ ಹತ್ತಿರ ಕಳಿಸಿದೆ. ಒಂದು ಸಲ ಅಲ್ಲ, ಎರಡು ಸಲ. ಗಾಜು ಕನ್ನಡಿ ಥರ ಇತ್ತು. ಆವತ್ತೇ ನನಗೆ ಅನುಮಾನ ಬಂದಿತ್ತು. ಬಾಯಿ ಬಿಡದೆ ಇದ್ದದ್ದು ನನ್ನ ತಪ್ಪು. ನೀನು ಕಣ್ಣಲ್ಲಿ ಬೀಗ ತೆಗೆಯೋದು ಬಿಟ್ಟು ಬಹಳ ದಿನ ಆಗಿದೆ. ಕಿವಿಯಲ್ಲಿ ತೆಗೀತಿದ್ದೀಯ."

"ಕಟ್ ಅಂದದ್ದು ಕೇಳಿದ್ದೆ..."

"ಹಾಕುವಾಗಲೂ ಕಟ್ ಅನ್ನುತ್ತೆ. ತೆಗೆಯುವಾಗಲೂ ಕಟ್ ಅನ್ನುತ್ತೆ. ಹಿಂದಿನ ಸಂಜೆ ತೊಳೆದು ಇಡುವಾಗ ನೀನು ಬೀಗ ಹಾಕಿದ್ದೆ ಅಂತ ಖಂಡಿತ ಹೇಳ್ತೀಯಾ? ಹಾಕದೆ ಇಟ್ಟಿದ್ರೆ, ಬೆಳಿಗ್ಗೆ ನೀನು ತೆಗೆದಿದ್ದಲ್ಲ, ಹಾಕಿದ್ದು."

ಹಿಂದಿನ ಸಂಜೆಯನ್ನು ಅವನು ನೆನಪಿಗೆ ತಂದುಕೊಳ್ಳಲು ನೋಡಿದ. ಬೋಲ್ಟ್ ಒರೆಸಿದ್ದು ನೆನಪಿತ್ತು. ಹೆಂಡತಿ ಕರೆದದ್ದು ನೆನಪಿತ್ತು. ಕೀಲಿ ತಿರುಗಿಸಿದ್ದೂ ನೆನಪಿತ್ತು. ಒಂದು ಸಲವೋ, ಎರಡು ಸಲವೋ? ಎರಡು ವರ್ಷ ದಿನಾ ಮಾಡಿದ ಕೆಲಸದಲ್ಲಿ ಒಂದು ದಿನವನ್ನು ಬೇರೆ ಮಾಡಿ ತೆಗೆಯುವುದು ಹೇಗೆ?

ಮನೆಗೆ ಬಂದವನೇ ಗೋಡೆಯ ಗಡಿಯಾರದ ಎದುರು ನಿಂತು ಎಡಗಣ್ಣು ಮುಚ್ಚಿದ. ಅಂಚಿನ ಅಂಕಿಗಳೆಲ್ಲ ಇದ್ದವು. ಮುಳ್ಳುಗಳು ಕೂಡುವ ನಡುಭಾಗ ಮಾತ್ರ, ಯಾರೋ ಒದ್ದೆ ಬೆರಳಲ್ಲಿ ಅಕ್ಷರ ಒರೆಸಿದ ಹಾಗೆ, ಬೂದು ಬಣ್ಣಕ್ಕೆ ತಿರುಗಿತ್ತು. ತಲೆ ಓರೆ ಮಾಡಿದರೆ ಆ ಬೂದು ಕಲೆಯೂ ಓರೆಯಾಗಿ ಬರುತ್ತಿತ್ತು. ಹೊಸದೇನಲ್ಲ ಅದು. ಆರು ತಿಂಗಳಿಂದ ಅವನು ಅದನ್ನು ಗಾಜಿನ ಕೊಳೆ ಎಂದ, ಮಂಜು ಎಂದ, ನಿದ್ದೆಗೆಟ್ಟದ್ದು ಎಂದ. ಅನುಮಾನದ ಇರುವೆ ಹೋದ ದಾರಿಯನ್ನೆಲ್ಲ ಹಿಡಿದು ಎಲ್ಲರ ಮನೆ ಹುಡುಕಿದವನು ಸ್ವಂತ ಕಣ್ಣೊಂದನ್ನು ಮಾತ್ರ ಕೇಳಿರಲಿಲ್ಲ.

ಹೆಂಡತಿ ಅಡಿಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ನಿನಗೆ ಗೊತ್ತಿತ್ತಾ?" ಎಂದ.

"ಚಹಾ ಬಗ್ಗಿಸುವಾಗ ಲೋಟ ತಪ್ಪಿ ಬಸಿಗೆ ಹೊಯ್ತೀರಿ. ಗೊತ್ತಿಲ್ಲದೆ ಏನು? ಕೇಳಿದ್ರೆ ಹರಿಹಾಯ್ತಿದ್ರಿ." ಅವಳು ಹತ್ತಿರ ಬಂದು ಅವನ ಬಲಗಣ್ಣಿನ ಮೇಲೆ ಅಂಗೈ ಇಟ್ಟಳು, ಜ್ವರ ನೋಡುವ ಹಾಗೆ. ಅವನು ಅಳಲಿಲ್ಲ, ಮೂಗು ಮಾತ್ರ ಸೋರಿತು.

ಸಂಜೆ ಆಸ್ಪತ್ರೆಗೆ ಹೋದ. ಸೀಟಿಯ ಕಾಲು ಪಟ್ಟಿ ಸುತ್ತಿಕೊಂಡು ದಿಂಬಿನ ಮೇಲಿತ್ತು. ಅವನು ಸ್ಟೂಲಿನ ಮೇಲೆ ಕೂತು, ಸುತ್ತಿಬಳಸದೆ, ತನ್ನ ಕಣ್ಣಿನ ವಿಚಾರ ಹೇಳಿದ. ಬೀಗ ಹಾಕಿದವನು ಬಹುಶಃ ತಾನೇ ಎಂದೂ ಹೇಳಿದ. ಸೀಟಿ ಚಾವಣಿ ನೋಡುತ್ತ ಕೇಳಿದಳು.

"ನನ್ನ ಕಾಲು ನಿನ್ನ ಕಣ್ಣಿಗೆ ಹೋಯ್ತು ಅನ್ನು," ಎಂದಳು ಕೊನೆಗೆ. "ಬೈಯೋಣ ಅಂದ್ರೆ ಇಲ್ಲಿ ನರ್ಸಮ್ಮ ಕೂಗಾಡಬೇಡಿ ಅಂತಾಳೆ. ಹೊರಗೆ ಬಂದ ಮೇಲೆ ಬೈತೀನಿ, ಇರು."

ಅವನು ಎದ್ದು ನಿಂತಾಗ ಅವಳು ಮತ್ತೆ ಕರೆದಳು.

"ಇನ್ನೊಂದು ಮಾತು. ಹೇಳಲೋ ಬೇಡವೋ ಅಂತಿದ್ದೆ. ನೀನು ರಕ್ತ ನೋಡೋಕೆ ಹೋದಾಗ ನಿನ್ನ ಷಡ್ಡಕ ಆ ಬಂದೂಕಿನ ಬೀಗದ ತಟ್ಟೇನ ಬಗ್ಗಿ ನೋಡಿದ. ಮುಟ್ಟಲಿಲ್ಲ, ಅದಂತೂ ನಿಜ. ಒಂದು ಕೈಲಿ ಫ್ಲಾಸ್ಕು, ಒಂದು ಕೈಲಿ ಲೋಟ ಇತ್ತು. ನೋಡಿದ, ನಿನ್ನ ಕಡೆ ತಿರುಗಿ ಬಾಯಿ ತೆರೆದ, ಆಮೇಲೆ ಚಹಾ ಕುಡಿದ."

ಒಂಟಿಗುಂಡು ಮೆಟ್ಟಿಲಿಳಿಯುವಾಗ ಗೋಡೆ ಹಿಡಿದುಕೊಂಡು ಇಳಿದ. ಒಂದು ಅನುಮಾನ ಸತ್ತ ಜಾಗದಲ್ಲೇ ಇನ್ನೊಂದು ಮೊಳೆತಿತ್ತು. ಬೀಗ ಬಿದ್ದಿರುವುದು ಷಡ್ಡಕನಿಗೆ ಕಂಡಿತ್ತು. ಕಂಡೂ ಸುಮ್ಮನಿದ್ದ.

ಬುಧವಾರ ವಿಚಾರಣೆಗೆ ವಲಯಾಧಿಕಾರಿಯ ಕೋಣೆಯಲ್ಲಿ ಐದು ಕುರ್ಚಿ ಹಾಕಿದ್ದರು. ಗುಮಾಸ್ತ ಎಂಟನೇ ನಂಬರಿನ ಕೀಲಿಯ ವಿಷಯ ಮೊದಲೇ ಬರೆದು ಕೊಟ್ಟಿದ್ದ. ಅಧಿಕಾರಿಯ ಪ್ರಶ್ನೆಗಳೆಲ್ಲ ಷಡ್ಡಕನ ಸುತ್ತಲೇ ಸುತ್ತುತ್ತಿದ್ದವು. ಹಂದಿ ಬರುವ ಹಿಂದಿನ ಸಂಜೆ ಕೀಲಿ ಯಾಕೆ ಒಯ್ದಿರಿ? ಬಂದೂಕಿನ ಹತ್ತಿರ ಎಷ್ಟು ಹೊತ್ತು ನಿಂತಿದ್ದಿರಿ? ಷಡ್ಡಕನ ಉತ್ತರಗಳು ಒಣಗುತ್ತ ಹೋದವು. ಒಂಟಿಗುಂಡು ಸುಮ್ಮನೆ ಕೂತಿದ್ದರೆ ಸಾಕಿತ್ತು. ಹುದ್ದೆಯೂ ಉಳಿಯುತ್ತಿತ್ತು, ಹೆಸರೂ ಉಳಿಯುತ್ತಿತ್ತು. ಅರದಕ್ಕ ಎದುರಿಗೇ ಕೂತಿದ್ದಳು, ಅವನ ಕಡೆ ನೋಡಲೂ ಇಲ್ಲ. ಹೇಳುವುದಾದರೆ ಅವನೇ ಹೇಳಲಿ ಎಂಬಂತೆ ಉಗುರು ನೋಡಿಕೊಳ್ಳುತ್ತಿದ್ದಳು.

"ಸಾರ್," ಎಂದ ಅವನು. "ಅವನನ್ನು ಬಿಟ್ಟುಬಿಡಿ. ನನ್ನ ಬಲಗಣ್ಣಿನ ನಡುವೆ ಏನೂ ಕಾಣಲ್ಲ. ಆರು ತಿಂಗಳಾಯ್ತು. ಆ ಚುಕ್ಕೆ ಕೆಂಪೋ ಬಿಳಿಯೋ ನನಗೆ ಗೊತ್ತಾಗಲ್ಲ. ಬೀಗ ತೆಗೆದಿದ್ದೆ ಅಂತ ನಾನು ಆಣೆ ಮಾಡಲಾರೆ. ಹಾಕಿದವನು ನಾನೇ ಅಂತಲೇ ಬರ್ಕೊಳ್ಳಿ."

ಅಧಿಕಾರಿ ಪೆನ್ನಿನ ಮುಚ್ಚಳ ಹಾಕಿ ಮತ್ತೆ ತೆಗೆದರು.

"ಆರು ತಿಂಗಳು ಇದೇ ಕಣ್ಣಲ್ಲಿ ಗುರಿ ಇಟ್ಟಿದ್ದೀರಾ?"

"ಇಟ್ಟಿದ್ದೀನಿ ಸಾರ್."

ಹೊರಗಿನ ಓಣಿಯಲ್ಲಿ ಷಡ್ಡಕ ಕಾಯುತ್ತಿದ್ದ. ಇಬ್ಬರೂ ಗೋಡೆಗೆ ಬೆನ್ನು ಕೊಟ್ಟು ಅಕ್ಕಪಕ್ಕ ನಿಂತರು, ಒಬ್ಬರ ಮುಖ ಒಬ್ಬರು ನೋಡದೆ.

"ಬೀಗ ಬಿದ್ದಿರೋದು ನಿನಗೆ ಕಂಡಿತ್ತು," ಎಂದ ಒಂಟಿಗುಂಡು.

"ಕಂಡಿತ್ತು ಅಣ್ಣ."

"ಹೇಳಲಿಲ್ಲ."

"ಜಾಗಕ್ಕೆ ಹೋಗೋವರೆಗೆ ಬೀಗ ಹಾಕಿರಬೇಕು ಅಂತ ತಾನೆ ನಿಯಮ? ಹಾಕಿಟ್ಟಿದ್ದಾರೆ, ಅಲ್ಲಿ ಹೋಗಿ ತೆಗೀತಾರೆ ಅಂದುಕೊಂಡೆ." ಅವನು ಗೋಡೆಯ ಸುಣ್ಣವನ್ನು ಉಗುರಿನಲ್ಲಿ ಕೆರೆದ. "ಹೋದ ವರ್ಷ ಒಂದು ಸಲ ನಿಮ್ಮ ದುರ್ಬೀನಿನ ಮುಚ್ಚಳ ತೆಗೆದಿಲ್ಲ ಅಂದಿದ್ದಕ್ಕೆ, ಮೊಟ್ಟೆ ಕೋಳಿಗೆ ಪಾಠ ಹೇಳುತ್ತೆ ಅಂತ ಎಲ್ಲರೆದುರು ನಗಿಸಿದ್ರಿ. ಅದೂ ನೆನಪಾಯ್ತು. ಸುಳ್ಳು ಹೇಳಲ್ಲ."

"ಅಂದ್ರೆ ಬೇಕು ಅಂತಲೇ?"

"ಬೇಕು ಅಂತ ಅಲ್ಲ. ಬೇಡ ಅಂತಲೂ ಅಲ್ಲ. ನನಗೇ ಸರಿಯಾಗಿ ಗೊತ್ತಿಲ್ಲ ಅಣ್ಣ. ಸೀಟಿಯಮ್ಮನ ಕಾಲು ನೋಡಿದಾಗಿಂದ ಅದನ್ನೇ ಕೇಳ್ಕೊತಾ ಇದ್ದೀನಿ."

ಒಂಟಿಗುಂಡಿಗೆ ಆ ಮಾತನ್ನು ನಂಬಲೂ ಆಗಲಿಲ್ಲ, ನಂಬದಿರಲೂ ಆಗಲಿಲ್ಲ.

ಬಲಗಣ್ಣಿಗೆ ಔಷಧಿ ಇಲ್ಲ ಎಂದರು ವೈದ್ಯರು; ಇನ್ನಷ್ಟು ಕೆಡದಂತೆ ನೋಡಿಕೊಳ್ಳಬಹುದು, ಅಷ್ಟೇ. ಇಲಾಖೆ ಅವನ ಬಂದೂಕು ವಾಪಸು ಪಡೆಯಿತು. ಮುಖ್ಯ ಗುರಿಕಾರನ ಕುರ್ಚಿಗೆ ಷಡ್ಡಕ ಬಂದ. ಕೀಲಿಗಳನ್ನೆಲ್ಲ ಬದಲಿಸಬೇಕೆಂಬ ಅರದಕ್ಕನ ಹಳೆಯ ಕಾಗದವನ್ನು ಕೊನೆಗೂ ಯಾರೋ ಓದಿದರು. ಒಂಟಿಗುಂಡನ್ನು ಸಸಿ ಬೆಳೆಸುವ ಮಡಿಗಳಿಗೆ ಹಾಕಿದರು. ಅವನು ಮೂರು ತಿಂಗಳು ನೀರಿನ ಕೊಳವೆ ಹಿಡಿದು ಓಡಾಡಿದ. ಮಾವನ ಮನೆಯ ಮೇಜಿಗೆ ಅವನಿಗೆ ಮತ್ತೆ ಕರೆ ಬಂತು. ಹೋದ, ಷಡ್ಡಕನ ಎದುರು ತಲೆ ತಗ್ಗಿಸಿ ತಪ್ಪಾಯಿತೆಂದ. ನಾದಿನಿ ಅನ್ನ ಬಡಿಸಿದಳು, ಆದರೆ ಭಾವ ಎಂದು ಕರೆಯಲು ಇನ್ನೂ ಎರಡು ತಿಂಗಳು ತೆಗೆದುಕೊಂಡಳು.

ಸೀಟಿ ಕೋಲು ಹಿಡಿದು ಕೆಲಸಕ್ಕೆ ಮರಳಿದಾಗ ಮೊದಲು ತಾನು ಹೇಳಿದ್ದಂತೆ ಅವನನ್ನು ಅಂಗಳದ ನಡುವೆ ನಿಲ್ಲಿಸಿಕೊಂಡು ಮನದಣಿಯೆ ಬೈದಳು. ಆಮೇಲೆ ನೇರ ಅಧಿಕಾರಿಯ ಹತ್ತಿರ ಹೋಗಿ, ತನಗೆ ಇನ್ನು ಪೊದೆಯಲ್ಲಿ ಓಡಲು ಆಗುವುದಿಲ್ಲ, ನಾಯಿಯ ಹಗ್ಗ ಹಿಡಿಯಲು ಆ ಮನುಷ್ಯನನ್ನು ಕೊಡಿ ಎಂದು ಕೇಳಿದಳು. "ಅವನ ಕಿವಿ ಚೆನ್ನಾಗಿದೆ ಸಾರ್. ಇನ್ನೊಂದು ಕಣ್ಣೂ ಇದೆ. ಮತ್ತೆ, ನನ್ನ ಜಾಗದಲ್ಲಿ ನಿಂತರೆ ಹೇಗಿರುತ್ತೆ ಅಂತ ಅವನಿಗೂ ಗೊತ್ತಾಗಲಿ."

ಮೊದಲ ಕರೆ ಬಂದದ್ದು ಮಳೆ ನಿಂತ ಒಂದು ಬೆಳಿಗ್ಗೆ. ಬಸ್ಸು ಬಡಿದ ದೊಡ್ಡ ಹಂದಿ, ಹಳ್ಳದ ಪೊದೆ ಹೊಕ್ಕಿದೆ. ಜೀಪಿನಿಂದ ಸೀಟಿ ಇಳಿದು ಬಂಡೆಯ ಮೇಲೆ ಕೂತಳು. ನಾಯಿ ಒಂಟಿಗುಂಡಿನ ಕೈಯಲ್ಲಿ ಹಗ್ಗ ಜಗ್ಗಿತು. ಹಿಂದೆ ಹತ್ತು ಹೆಜ್ಜೆ ದೂರದಲ್ಲಿ ಷಡ್ಡಕ ಬಂದೂಕು ಹಿಡಿದು ಬಂದ.

ಪೊದೆಯ ಬಾಯಲ್ಲಿ ಒಂಟಿಗುಂಡು ನಿಂತ. ಬರಿಗೈಯಲ್ಲಿ ಅಂಥ ಜಾಗಕ್ಕೆ ಅವನು ಎಂದೂ ಹೋದವನಲ್ಲ. ಒಳಗೆ ಏನೋ ಉಸಿರಾಡುತ್ತಿತ್ತು. ಹಿಂದೆ ತಿರುಗಿ ಕೇಳಿದ:

"ಬೀಗ ತೆಗೆದ್ಯಾ?"

ಷಡ್ಡಕ ಹತ್ತಿರ ಬಂದು ಬೋಲ್ಟಿನ ಹಿಂತುದಿಯನ್ನು ಅವನ ಮುಖದ ಕಡೆ ಹಿಡಿದ. ಒಂಟಿಗುಂಡು ಅದನ್ನು ನೋಡಿದ, ಬಲಗಣ್ಣಲ್ಲಿ ಬೂದು, ಎಡಗಣ್ಣಲ್ಲಿ ಒದ್ದೆ ತಟ್ಟೆಯ ಮೇಲೆ ಹೊಳೆದ ಬೆಳಕಿನ ಒಂದು ಮಿಣುಕು. ಬಣ್ಣ ಗೊತ್ತಾಗಲಿಲ್ಲ.

"ನೀನೇ ಹೇಳು," ಎಂದ.

"ತೆಗೆದಿದ್ದೀನಿ ಅಣ್ಣ."

ಅವನು ಇನ್ನೊಂದು ಗಳಿಗೆ ಷಡ್ಡಕನ ಮುಖವನ್ನು ನೋಡಿದ. ಆಮೇಲೆ ಹಗ್ಗ ಸಡಿಲ ಬಿಟ್ಟು ನಾಯಿಯ ಹಿಂದೆ ಪೊದೆಯೊಳಗೆ ಬಗ್ಗಿದ. ಹಂದಿ ಹಳ್ಳದ ಕೆಸರಿನಲ್ಲಿ ಬದಿಯಾಗಿ ಬಿದ್ದಿತ್ತು, ಏಳಲು ನೋಡಿ ಆಗದೆ ಮೂತಿ ಮಾತ್ರ ಎತ್ತಿತು. "ಇಲ್ಲಿದೆ, ಎಡಕ್ಕೆ," ಎಂದು ಕೂಗಿ ಅವನು ನಾಯಿಯನ್ನು ತಬ್ಬಿಕೊಂಡು ಪಕ್ಕಕ್ಕೆ ಉರುಳಿದ. ತಲೆಯ ಮೇಲಿಂದ ಒಂದೇ ಗುಂಡು ಹಾರಿತು. ಹಂದಿಯ ಉಸಿರು ನಿಂತ ಮೇಲೂ ಬಹಳ ಹೊತ್ತು ಅವನು ನಾಯಿಯ ಕುತ್ತಿಗೆಯಲ್ಲಿ ಮುಖ ಇಟ್ಟುಕೊಂಡೇ ಮಲಗಿದ್ದ. ಆಚೆ ಬಂಡೆಯ ಮೇಲಿಂದ ಸೀಟಿ ಎರಡು ಬೆರಳು ಬಾಯಿ‌ಗಿಟ್ಟು ಊದಿ, ಇಬ್ಬರೂ ಬದುಕಿದ್ದೀರಾ ಎಂದು ಕೇಳುತ್ತಿದ್ದಳು.